ಅಟ್ಟದ ಮೇಲಿನ ಧ್ವನಿ

ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಸುತ್ತಣ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿಯದ ವಸ್ತುವೇ ಇಲ್ಲ. ಪುಸ್ತಕದ ರಟ್ಟು, ಚರ್ಮದ ಚೀಲ, ಗೋಡೆಯ ಭಾವಚಿತ್ರ ಯಾವುದನ್ನೂ ಅದು ಬಿಡದು. ಅಂಥ ಒಂದು ಮನೆಯಲ್ಲಿ ಅಟ್ಟವನ್ನು ಗುಡಿಸಲು ಹತ್ತಿದ ಮೊಮ್ಮಗನಿಗೆ ತಗಡಿನ ಪೆಟ್ಟಿಗೆಯೊಂದರಲ್ಲಿ ಯಕ್ಷಗಾನದ ಹತ್ತಾರು ಕ್ಯಾಸೆಟ್ಟುಗಳು ದೊರೆತವು. ಅವುಗಳನ್ನು ಹೊರತಂದ ಕಂಪೆನಿಯ ಹೆಸರನ್ನು ಆತ ಕೇಳಿರಲೇ ಇಲ್ಲ.

ಭಾರತದಲ್ಲಿ ಗ್ರಾಮಫೋನ್ ಮುದ್ರಣವು 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನರಂಥವರ ಹಾಡುಗಾರಿಕೆಯಿಂದ ಮೊದಲಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಬೆಳಗಿನವರೆಗೆ ನಡೆಯುವ ಬಯಲಾಟಕ್ಕೆ ಅದು ಎಲ್ಲಿ ಸಾಕಾದೀತು? ಭಾಗವತರು ರಾಗವನ್ನು ಎತ್ತಿಕೊಳ್ಳುವುದರೊಳಗೆ ತಟ್ಟೆಯೇ ಮುಗಿದುಹೋಗುತ್ತಿತ್ತು! 1963ರಲ್ಲಿ ಫಿಲಿಪ್ಸ್ ಕಂಪೆನಿಯು ಪುಟ್ಟ ಕ್ಯಾಸೆಟ್ಟನ್ನು ಬಳಕೆಗೆ ತಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಒಂದೊಂದು ಬದಿಗೆ ಮುಕ್ಕಾಲು ಗಂಟೆ ಓಡುವ ಕ್ಯಾಸೆಟ್ಟುಗಳು ಬಂದವು. ಯಂತ್ರವನ್ನು ಕೈಯಲ್ಲಿ ಹಿಡಿದು ಅಂಗಳಕ್ಕೇ ಒಯ್ಯಬಹುದಾಯಿತು. ಕರಾವಳಿಯ ಹಾಗೂ ಮಲೆನಾಡಿನ ಆಟಗಳನ್ನು ಮುದ್ರಿಸಿ ಮಾರುವ ಚಿಕ್ಕಪುಟ್ಟ ಕಂಪೆನಿಗಳು ಹುಟ್ಟಿಕೊಂಡವು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು 1990ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. ಆಮೇಲೆ ಹುಟ್ಟಿದವರೂ ಅವರ ಕಂಠವನ್ನು ಬಲ್ಲರೆಂದರೆ ಅದು ಇಂಥ ಸುರುಳಿಗಳ ಉಪಕಾರ.

ಮೊಮ್ಮಗ ಅವಸರಪಡಲಿಲ್ಲ. ಬೂಷ್ಟು ಹಿಡಿದ ಸುರುಳಿಯನ್ನು ಹಾಗೆಯೇ ಓಡಿಸಿದರೆ ಯಂತ್ರದ ಮೊಗವೂ ಕೆಡುತ್ತದೆ, ಸುರುಳಿಯೂ ಹರಿಯಬಹುದು. ಆತ ಸಣ್ಣ ತಿರುಪುಗಳನ್ನು ಬಿಚ್ಚಿ, ಬಿಳಿಯ ಪೊರೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಸುರುಳಿಯನ್ನು ಬೇರೊಂದು ಕವಚಕ್ಕೆ ಸೇರಿಸಿದ. ಎರಡು ಕ್ಯಾಸೆಟ್ಟುಗಳಲ್ಲಿ ಬರಿಯ ಗೊರಗೊರ ಸದ್ದು. ಮತ್ತೊಂದರಲ್ಲಿ ಮನೆಯ ಯಾರೋ ಪದ್ಯದ ಮೇಲೆಯೇ ಸಿನಿಮಾ ಹಾಡನ್ನು ತುಂಬಿಸಿದ್ದರು. ಆ ಪದ್ಯವಿನ್ನು ಮರಳಿ ಸಿಗುವಂತಿಲ್ಲ. ನಾಲ್ಕನೆಯದರಲ್ಲಿ ಚೆಂಡೆಯ ಪೆಟ್ಟು ಸ್ಪಷ್ಟವಾಗಿ ಕೇಳಿಸಿತು. ಒಳಗೆ ಅಡಿಕೆ ಆರಿಸುತ್ತಿದ್ದ ಅಜ್ಜಿ ಎದ್ದು ಬಂದು, "ಮಾಣಿ, ಇದು ನಮ್ಮನೆ ಅಂಗಳದ ಆಟ" ಎಂದರು.

ದೊಡ್ಡ ಕಂಪೆನಿಯಾಗಿದ್ದರೆ ಗಾಯಕರನ್ನು ಪಟ್ಟಣಕ್ಕೆ ಕರೆಸಿ, ಕದವಿಕ್ಕಿದ ಕೋಣೆಯಲ್ಲಿ ಹಾಡಿಸಿ, ಕೆಮ್ಮು ಸೀನುಗಳನ್ನೆಲ್ಲ ಕತ್ತರಿಸಿಬಿಡುತ್ತಿತ್ತು. ಈ ಬಡ ಕಂಪೆನಿಗೆ ಅಷ್ಟು ಅನುಕೂಲವೆಲ್ಲಿಯದು? ಅದರ ಯಂತ್ರ ಆ ಇರುಳು ಕೇಳಿದ್ದನ್ನೆಲ್ಲ ಹಿಡಿದಿಟ್ಟಿತ್ತು: ಜೀರುಂಡೆಯ ದನಿ, ಮಗುವಿನ ಅಳು, ಪ್ರೇಕ್ಷಕರ ನಗು. ಎರಡು ಪದ್ಯಗಳ ನಡುವೆ, ತುಸು ದೂರದಿಂದ, ಒಂದು ಗಂಡುದನಿ ಕೇಳಿತು: "ಮದ್ದಲೆಯವಕ್ಕೆ ಚಾ ಕೊಟ್ಟಾತನ?"

ಅಜ್ಜ ಗತಿಸಿ ಇಪ್ಪತ್ತು ವರ್ಷಗಳಾಗಿದ್ದವು. ಗೋಡೆಯ ಮೇಲೆ ಅವರ ಭಾವಚಿತ್ರವಿತ್ತು; ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ಮೊಮ್ಮಗ ಸುರುಳಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದ. ಅದೇ ಪ್ರಶ್ನೆ ಮತ್ತೆ ಬಂತು.

"ಕೊಟ್ಟಾತು" ಎಂದರು ಅಜ್ಜಿ, ಮೆಲ್ಲಗೆ.