ಕಾಲಿಲ್ಲದ ತಲೆಬರಹ

ಸಹೋದರಿಯರೇ, ಪತ್ರಿಕೆ ಮನೆಗೆ ಬಂದ ಕೂಡಲೇ ನೀವು ಮೊದಲು ಏನು ಮಾಡುತ್ತೀರಿ? ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಪುಟಗಳನ್ನು ಸರಸರನೆ ಮಗುಚಿ ತಲೆಬರಹಗಳನ್ನಷ್ಟೇ ನೋಡಿಬಿಡುತ್ತೀರಿ, ಅಲ್ಲವೇ? ಇದನ್ನು ರಾತ್ರಿ ಓದಬೇಕು, ಇದನ್ನು ಮಗಳಿಗೆ ತೋರಿಸಬೇಕು, ಇದು ನಮಗಲ್ಲ ಎಂದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ. ನಾನೂ ಹಾಗೆಯೇ. ಆದರೆ ಕಣ್ಣು ಕಾಣದ ಒಬ್ಬಾಕೆ ಪುಟವನ್ನು ಹೇಗೆ ಮಗುಚುತ್ತಾಳೆ ಎಂದು ನಲ್ವತ್ತು ದಾಟುವವರೆಗೂ ನಾನು ಯೋಚಿಸಿರಲಿಲ್ಲ. ಯೋಚಿಸುವಂತಾದದ್ದು ನನ್ನದೇ ಒಂದು ತಪ್ಪಿನಿಂದ.

ನಾನು ಮದ್ರಸದಲ್ಲಿ ಕಲಿತವಳು. ಮದುವೆಯಾದ ಮೇಲೆ ಮನೆಯಲ್ಲೇ ಓದಿ ಬಿ.ಎ. ಮುಗಿಸಿದೆ. ಈಗ ಹೆಣ್ಮಕ್ಕಳ ಒಂದು ಶಾಲೆಯಲ್ಲಿ ಟೀಚರ್. ಶಾಲೆಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ನನಗೆ ಕಂಪ್ಯೂಟರ್ ವಿದ್ಯೆ ಗೊತ್ತಿತ್ತು ಎಂದಲ್ಲ. ಯೂನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ಟೈಪ್ ಮಾಡಲು ಬರುತ್ತಿದ್ದುದು ಸ್ಟಾಫ್ ರೂಮಿನಲ್ಲಿ ನನಗೊಬ್ಬಳಿಗೇ ಎಂಬ ಕಾರಣಕ್ಕೆ. ರಜೆಯ ಸುದ್ದಿ, ಪರೀಕ್ಷೆಯ ವೇಳಾಪಟ್ಟಿ, ಹಳೆಯ ವಿದ್ಯಾರ್ಥಿನಿಯರಿಗೆ ಕೊಡುವ ವಿದ್ಯಾರ್ಥಿವೇತನದ ಪ್ರಕಟಣೆ ಇಷ್ಟನ್ನು ಒಂದೇ ಉದ್ದನೆಯ ಪುಟದಲ್ಲಿ ಏರಿಸುವುದು ನನ್ನ ಕೆಲಸ.

ಸೈಟನ್ನು ಯಾರೋ ಮೊದಲೇ ಕಟ್ಟಿಕೊಟ್ಟಿದ್ದರು. ಅದರ ಥೀಮ್, ಅಂದರೆ ಸಿದ್ಧ ಉಡುಪು, ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದದ್ದು. ಮೊದಲ ದಿನ ‘ವಿದ್ಯಾರ್ಥಿವೇತನ’ ಎಂದು ತಲೆಬರಹ ಕೊಟ್ಟು ನೋಡಿದರೆ, ‘ದ್ಯಾ’ ಅಕ್ಷರದ ಕೆಳಗಿನ ಒತ್ತು ಅರ್ಧ ಮಾಯ! ಬಾಗಿಲ ಸಂದಿಯಲ್ಲಿ ನಿಂತವರ ಕಾಲು ಕಾಣದ ಹಾಗೆ. ಮೇಲಾಗಿ ಇದ್ದೂ ಇಲ್ಲದಂತಹ ಬೂದು ಬಣ್ಣ. ನನಗೆ ಸಿಟ್ಟು ಬಂತು. ತಲೆಬರಹದ ಸಹವಾಸವೇ ಬೇಡವೆಂದು ಅದನ್ನು ಸಾಮಾನ್ಯ ಸಾಲಾಗಿ ಬದಲಿಸಿ, ಅಕ್ಷರವನ್ನು ದಪ್ಪ ಮಾಡಿ, ಗಾತ್ರ ಹೆಚ್ಚಿಸಿ, ಕೆಂಪು ಬಣ್ಣ ಬಳಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ, ಅಂದಿನಿಂದ ಎಲ್ಲ ಪ್ರಕಟಣೆಗಳಿಗೂ ಅದೇ ಉಪಾಯ. ಹೆಡ್ ಮಿಸ್ಟ್ರೆಸ್ ಕೂಡ ಹೊಗಳಿದರು.

ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಹತ್ತನೆಯ ತರಗತಿ ಮುಗಿದ ಮೇಲೆ ಕಾಯಿಲೆಯಿಂದ ದೃಷ್ಟಿ ಹೋಗಿತ್ತು. ಆದರೂ ಛಲ ಬಿಡದೆ ಡಿಗ್ರಿಗೆ ಸೇರಿದ್ದಳು. “ಟೀಚರ್, ಈ ವರ್ಷ ಸ್ಕಾಲರ್‌ಶಿಪ್ ಇಲ್ಲವಾ?” ಎಂದು ಕೇಳಿದಳು. ನಾನು, “ಇದೆಯಲ್ಲ ಮಗಳೇ, ಕೊನೆಯ ದಿನ ಮುಗಿದು ಎಂಟು ದಿನ ಆಯಿತು. ಸೈಟಿನಲ್ಲಿ ಇಷ್ಟು ದೊಡ್ಡದಾಗಿ ಹಾಕಿದ್ದೆನಲ್ಲ!” ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಂತರ, “ನಾನು ನಾಲ್ಕು ದಿನಕ್ಕೊಮ್ಮೆ ನೋಡುತ್ತಿದ್ದೆ ಟೀಚರ್” ಎಂದಳು. ದೂರಿನ ದನಿಯಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಸಂಸ್ಥೆಯವರನ್ನು ಕೇಳಿದೆ. ಹಣ ಹಂಚಿ ಆಗಿತ್ತು. ಮುಂದಿನ ವರ್ಷ ನೋಡೋಣ ಎಂದರು. ಆ ವರ್ಷದ ಫೀಸು ಅವಳ ಅಣ್ಣ ಸಾಲ ಮಾಡಿ ಕಟ್ಟಿದ ಎಂದು ನಂತರ ತಿಳಿಯಿತು.

ಮುಂದಿನ ಭಾನುವಾರ ಅವಳ ಮನೆಗೆ ಹೋದೆ. ಹೇಗೆ ನೋಡುತ್ತೀ, ನನಗೂ ತೋರಿಸು ಎಂದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಇತ್ತು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಬೆಳೆಸಿದ್ದು, 2006ರಲ್ಲಿ ಶುರುವಾಯಿತು, ಯಾರಿಗೂ ಉಚಿತ. ಕನ್ನಡವನ್ನೂ ಓದುತ್ತದೆ, ಯಂತ್ರದ ಒರಟು ದನಿಯಲ್ಲಿ. ಅವಳು ಶಾಲೆಯ ಪುಟ ತೆರೆದು ಕೀಲಿಮಣೆಯಲ್ಲಿ ‘ಎಚ್’ ಒತ್ತಿದಳು. ಶಾಲೆಯ ಹೆಸರು ಕೇಳಿಸಿತು. ಮತ್ತೊಮ್ಮೆ ಒತ್ತಿದಳು. “ಸಂಪರ್ಕಿಸಿ” ಎಂದಿತು. ಅಷ್ಟೇ, ಪುಟ ಮುಗಿಯಿತು!

‘ಎಚ್’ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರುತ್ತದೆ. ನಾವು ಹಾಲು ಉಕ್ಕುವುದರೊಳಗೆ ಪುಟ ಮಗುಚುತ್ತೇವಲ್ಲ, ಅದು ಅವಳ ಮಗುಚುವ ರೀತಿ. ನಾನು ದಪ್ಪಗೆ, ಕೆಂಪಗೆ ಬರೆದದ್ದೆಲ್ಲ ಕಣ್ಣಿಗೆ ತಲೆಬರಹ, ಯಂತ್ರಕ್ಕೆ ಬರೀ ಸಾಲು. ಹೊಸ ತಲೆಬರಹ ಇಲ್ಲವೆಂದರೆ ಹೊಸ ಪ್ರಕಟಣೆ ಇಲ್ಲ ಎಂದು ಅವಳು ತಿಳಿದದ್ದರಲ್ಲಿ ತಪ್ಪೇನಿದೆ?

ವೆಬ್ ಪುಟದಲ್ಲಿ ತಲೆಬರಹಗಳಿಗೆ ಎಚ್-1ರಿಂದ ಎಚ್-6ರವರೆಗೆ ಆರು ದರ್ಜೆಗಳಿವೆ. ಮನೆಗೆ ಬಂದು ಇದನ್ನು ಓದುವಾಗ ನನಗೆ ನಗು ಬಂತು, ನಾಚಿಕೆಯೂ ಆಯಿತು. ಇದು ನಾನು ಹತ್ತನೆಯ ವಯಸ್ಸಿನಲ್ಲೇ ಕಲಿತ ಪಾಠ! ಮದ್ರಸದ ಕಿತಾಬುಗಳನ್ನು ಓದಿದವರಿಗೆ ಗೊತ್ತು: ಶುದ್ಧಿಯ ‘ಕಿತಾಬ್’, ಅದರೊಳಗೆ ವುಝೂವಿನ ‘ಬಾಬ್’, ಅದರೊಳಗೆ ‘ಫಸ್ಲ್’. ಹಿಂದಿನ ಕಾಲದ ಕೈಬರಹದ ಪ್ರತಿಗಳಲ್ಲಿ ಈ ಹೆಸರುಗಳನ್ನು ಕೆಂಪು ಶಾಯಿಯಲ್ಲೋ ದೊಡ್ಡ ಅಕ್ಷರದಲ್ಲೋ ಬರೆಯುತ್ತಿದ್ದರು. ಕೆಂಪು ಮಾಸಿದರೂ ಬಾಬ್ ಬಾಬೇ. ಅಕ್ಷರ ದೊಡ್ಡದಾಯಿತು ಎಂದು ಯಾರೂ ಬಾಬನ್ನು ಫಸ್ಲ್ ಮಾಡುವುದಿಲ್ಲ. ನಾನು ಮಾತ್ರ ಶಾಯಿಯನ್ನು ಇಟ್ಟುಕೊಂಡು ಬಾಬನ್ನು ಅಳಿಸಿದ್ದೆ.

ಹಾಗಾದರೆ ಶಾಯಿ ಎಲ್ಲಿರಬೇಕು? ಅದಕ್ಕೆಂದೇ ಸಿಎಸ್‌ಎಸ್ ಎಂಬ ಬೇರೆ ಹಾಳೆ ಇದೆ. ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು 1994ರಲ್ಲಿ ಇದನ್ನು ಸೂಚಿಸಿದರು. 1996ರ ಡಿಸೆಂಬರ್‌ನಲ್ಲಿ ಇದರ ಮೊದಲ ನಿಯಮಾವಳಿ ಹೊರಬಂತು. ಏನು ಎಂಬುದು ಪುಟದಲ್ಲಿ, ಹೇಗೆ ಕಾಣಬೇಕೆಂಬುದು ಈ ಹಾಳೆಯಲ್ಲಿ. ನಮ್ಮ ಸೈಟು ವರ್ಡ್‌ಪ್ರೆಸ್ಸಿನದ್ದು. ಅದರಲ್ಲಿ ‘ಹೆಚ್ಚುವರಿ ಸಿಎಸ್‌ಎಸ್’ ಎಂಬ ಖಾಲಿ ಪೆಟ್ಟಿಗೆ ಮೊದಲಿನಿಂದಲೂ ಇತ್ತು. ನಾನೇ ತೆರೆದಿರಲಿಲ್ಲ.

ಆ ರಾತ್ರಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಚ್-2ಕ್ಕೆ ಬಣ್ಣ ಬದಲಾಯಿಸಿದೆ. ಏನೂ ಆಗಲಿಲ್ಲ. ಇಬ್ಬರೂ ಅಕ್ಷರ ಅಕ್ಷರ ಪರೀಕ್ಷಿಸಿದೆವು. ಕಾರಣ ಸಿಗುವಾಗ ಹನ್ನೊಂದು ಗಂಟೆ. ಈ ಹಾಳೆಯ ಕಾನೂನು ನಮ್ಮ ಮನೆಗಳ ಕಾನೂನಿನಂತೆಯೇ ಇದೆ ನೋಡಿ. ಇಬ್ಬರು ಸರಿಸಮಾನವಾಗಿ ಹೇಳಿದರೆ ಕೊನೆಗೆ ಹೇಳಿದವರ ಮಾತು ನಡೆಯುತ್ತದೆ. ಆದರೆ ಒಬ್ಬರು ಹೆಸರು ಹಿಡಿದು, “ಅಡಿಗೆಮನೆಯಲ್ಲಿರುವ ಸೊಸೆಯೇ” ಎಂದು ಕರೆದು ಹೇಳಿದರೆ, ಸುಮ್ಮನೆ “ಯಾರಾದರೂ ಬನ್ನಿ” ಎಂದವರ ಮಾತು ಬಿದ್ದುಹೋಗುತ್ತದೆ. ಥೀಮ್ ‘ಲೇಖನದ ಭಾಗದೊಳಗಿನ ಎಚ್-2’ ಎಂದು ಗುರುತಿಸಿ ಹೇಳಿತ್ತು, ನಾನು ಬರೀ ‘ಎಚ್-2’ ಎಂದಿದ್ದೆ. ನಾನೂ ಹಾಗೆಯೇ ಗುರುತಿಸಿ ಬರೆದ ಮೇಲೆ ಮಾತು ಕೇಳಿತು.

ಒತ್ತಕ್ಷರದ ಕಾಲು ಕತ್ತರಿಸಿದ್ದು ಮೂರು ಸಂಗತಿ ಸೇರಿ. ಸಾಲಿನ ಎತ್ತರ, ಅಂದರೆ ‘ಲೈನ್-ಹೈಟ್’, ಅಕ್ಷರದಷ್ಟೇ ಇತ್ತು, 1. ತಲೆಬರಹದ ಪೆಟ್ಟಿಗೆಗೂ ಅಳೆದು ಎತ್ತರ ಕೊಟ್ಟಿದ್ದರು. ಅದರಿಂದ ಹೊರಗೆ ಬಂದದ್ದನ್ನು ಮರೆಮಾಡು ಎಂಬ ಆಜ್ಞೆ ಬೇರೆ. ಕೆಳಗೆ ಒತ್ತು ಇಲ್ಲದ ಇಂಗ್ಲಿಷಿಗೆ ಇದು ಸಾಕಾದೀತು. ‘ಸ್ತ್ರೀ’ ಎಂದು ಬರೆಯಬೇಕಾದ ನಮಗೆ ಸಾಲದು. ಸಾಲಿನ ಎತ್ತರವನ್ನು 1.5 ಮಾಡಿ, ಪೆಟ್ಟಿಗೆಯ ಎತ್ತರವನ್ನೂ ಮರೆಮಾಡುವ ಆಜ್ಞೆಯನ್ನೂ ತೆಗೆದುಹಾಕಿದೆ. ಕಾಲುಗಳು ಬಂದವು! ಅಷ್ಟು ಸಣ್ಣ ಕೆಲಸ. ಅದನ್ನು ಒಂದೂವರೆ ವರ್ಷ ಮೊದಲೇ ಮಾಡಿದ್ದರೆ ನಾನು ತಲೆಬರಹವನ್ನು ಬಿಟ್ಟು ಓಡುತ್ತಿರಲಿಲ್ಲ.

ಉಳಿದದ್ದು ಬೇಗ ಆಯಿತು. ಅಕ್ಷರಗಳ ನಡುವೆ ಹೆಚ್ಚು ಅಂತರ ಕೊಡುವ ಆಜ್ಞೆಯನ್ನು ತೆಗೆದೆ. ಕನ್ನಡ ಪದ ಅದರಿಂದ ದಾರ ಹರಿದ ಮಣಿಸರದಂತೆ ಕಾಣುತ್ತಿತ್ತು, ಕೂಡಿ ಬರೆಯುವ ಅರಬಿ, ಉರ್ದು ಅಕ್ಷರಗಳಿಗಂತೂ ಅದು ಸಲ್ಲದು. ಓರೆ ಅಕ್ಷರವೂ ಬೇಡವೆಂದೆ. ನೋಟೋ ಸಾನ್ಸ್ ಕನ್ನಡ ಎಂಬ ಉಚಿತ ಅಕ್ಷರವಿನ್ಯಾಸ ಹಾಕಿದೆ. ಗಾತ್ರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ‘ರೆಮ್’ ಎಂಬ ಅಳತೆಯಲ್ಲಿ ಕೊಟ್ಟೆ, ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳುವ ನಮ್ಮತ್ತೆಯಂತಹವರಿಗೆ ತಲೆಬರಹವೂ ಜೊತೆಗೆ ಬೆಳೆಯಲಿ ಎಂದು. ಪುಟದ ಭಾಷೆ ಕನ್ನಡವೆಂದು ಸೂಚಿಸಿದೆ, ಇಲ್ಲದಿದ್ದರೆ ಓದುವ ಯಂತ್ರ ಇಂಗ್ಲಿಷಿನ ನಾಲಗೆಯಿಂದಲೇ ಕನ್ನಡ ಓದಲು ಹೊರಡಬಹುದು. ನಂತರ ಕೂತು ಹಳೆಯ ಪ್ರಕಟಣೆಗಳೆಲ್ಲವನ್ನೂ ಒಂದೊಂದಾಗಿ ನಿಜವಾದ ತಲೆಬರಹಗಳನ್ನಾಗಿ ಮಾಡಿದೆ. ಅದಕ್ಕೆ ಮೂರು ರಾತ್ರಿ ಹಿಡಿಯಿತು. ಸಿಎಸ್‌ಎಸ್ ಹಾಳೆಗೆ ಒಂದೇ ಕಡೆ ಹೇಳಿದರೆ ಸಾಕು, ಎಲ್ಲ ತಲೆಬರಹಗಳೂ ಕೇಳುತ್ತವೆ. ಆದರೆ ನಾನು ಕೈಯಾರೆ ಕೆಡಿಸಿದ್ದನ್ನು ಕೈಯಾರೆಯೇ ತಿದ್ದಬೇಕಾಯಿತು.

ಬಣ್ಣವೊಂದು ಉಳಿಯಿತು. ಥೀಮಿನ ಬೂದು ಬಣ್ಣದ ಸಂಖ್ಯೆ 999999. ಬಿಳಿಯ ಎದುರು ಅದರ ವ್ಯತ್ಯಾಸ 3ಕ್ಕೂ ಕಡಿಮೆ. ದೊಡ್ಡ ಅಕ್ಷರಕ್ಕೂ ಕನಿಷ್ಠ 3, ಸಾಮಾನ್ಯ ಅಕ್ಷರಕ್ಕೆ 4.5 ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಬಣ್ಣದ ಹೆಸರುಗಳ ಪಟ್ಟಿ ನೋಡುತ್ತಾ ಹೋದಾಗ ‘ರೆಬೆಕ್ಕಪರ್ಪಲ್’ ಎಂಬ ಹೆಸರು ಕಂಡಿತು. ಯಾರೀ ರೆಬೆಕ್ಕ? ಸಿಎಸ್‌ಎಸ್ ಬಗ್ಗೆ ಪುಸ್ತಕಗಳನ್ನು ಬರೆದ ಅಮೆರಿಕದ ಎರಿಕ್ ಮೆಯರ್ ಅವರ ಪುಟ್ಟ ಮಗಳು. ಮೆದುಳಿನ ಕ್ಯಾನ್ಸರಿನಿಂದ 2014ರ ಜೂನ್‌ನಲ್ಲಿ, ತನ್ನ ಆರನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡಳು. ನೇರಳೆ ಅವಳ ಮೆಚ್ಚಿನ ಬಣ್ಣ. ತಂದೆಯ ಜೊತೆ ಕೆಲಸ ಮಾಡುವವರು ಆ ಬಣ್ಣಕ್ಕೆ ಅವಳ ಮುದ್ದಿನ ಹೆಸರಾದ ಬೆಕ್ಕಾ ಎಂಬುದನ್ನು ಇಡೋಣವೆಂದಾಗ, ತಂದೆ ಪೂರ್ತಿ ಹೆಸರನ್ನೇ ಇಡಿ ಎಂದರಂತೆ. ಬೆಕ್ಕಾ ಎಂಬುದು ಪಾಪುವಿನ ಹೆಸರು, ಆರು ತುಂಬಿದ ಮೇಲೆ ತನ್ನನ್ನು ರೆಬೆಕ್ಕ ಎಂದೇ ಕರೆಯಬೇಕು ಎಂದು ಅವಳು ಹೇಳಿದ್ದಳು. ಆರು ತುಂಬಿದವಳಾಗಿ ಅವಳು ಬದುಕಿದ್ದು ಕೆಲವೇ ಗಂಟೆ. ಮಕ್ಕಳನ್ನು ಹೆತ್ತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ನಾನು ಬೇರೆ ಬಣ್ಣ ಹುಡುಕಲಿಲ್ಲ.

ಮುಂದಿನ ವರ್ಷದ ವಿದ್ಯಾರ್ಥಿವೇತನದ ಪ್ರಕಟಣೆ ಹಾಕಿದ ಸಂಜೆಯೇ ಆ ಹುಡುಗಿಯ ಫೋನ್ ಬಂತು. ಹಿಂದಿನಿಂದ ಯಂತ್ರದ ಒರಟು ದನಿ “ವಿದ್ಯಾರ್ಥಿವೇತನ, ಹೆಡ್ಡಿಂಗ್ ಲೆವೆಲ್ ಟು” ಎನ್ನುತ್ತಿತ್ತು. ನನಗೆ ಕೇಳಿಸಲೆಂದೇ ಎರಡು ಸಲ ಒತ್ತಿದಳು. ಅರ್ಜಿಯ ವಿವರ ಕೇಳಿ ಬರೆದುಕೊಂಡಾದ ಮೇಲೆ, “ಟೀಚರ್, ತಲೆಬರಹಕ್ಕೆ ಯಾವ ಬಣ್ಣ ಕೊಟ್ಟಿದ್ದೀರಿ? ಇದು ಅದನ್ನು ಹೇಳುವುದಿಲ್ಲ” ಎಂದಳು.

ಬಣ್ಣಗಳನ್ನು ಹದಿನಾರು ವರ್ಷ ನೋಡಿದವಳು ಅವಳು. 663399 ಎಂದರೆ ಏನು ತಿಳಿದೀತು? ಸ್ವಲ್ಪ ಯೋಚಿಸಿ, “ಶಾಲೆಯ ಹಿಂದಿನ ಮರದ ನೇರಳೆಹಣ್ಣು ಕದ್ದು ತಿಂದು ತರಗತಿಗೆ ಬರುತ್ತಿದ್ದೆಯಲ್ಲ, ಆಗ ನಿನ್ನ ನಾಲಗೆ ಇರುತ್ತಿದ್ದ ಬಣ್ಣ” ಎಂದೆ.

“ನಿಮಗೆ ಆಗಲೇ ಗೊತ್ತಿತ್ತಾ ಟೀಚರ್?” ಎಂದು ಅವಳು ಜೋರಾಗಿ ನಕ್ಕಳು.