ಮೂರು ಕುಂಡ, ಒಂದು ಬೋರ್‌ವೆಲ್

ಮನೆಯೊಳಗೆ ಗಿಡ ಸಾಕುವುದು ಬೆಂಗಳೂರಿನವರ ಶೋಕಿ ಎಂಬ ಮಾತು ನಮ್ಮ ಜಿಲ್ಲೆಯ ವರದಿಗಾರರ ನಡುವೆ ಆಗಾಗ ಬರುತ್ತದೆ. ಊರಲ್ಲಿ ಹೊಲ ಇದೆ, ಬದುವಿನಲ್ಲಿ ಬೇವು ಇದೆ, ಮನೆ ಮುಂದೆ ತುಳಸಿ ಇದೆ, ಮತ್ತೆ ಒಳಗೇಕೆ ಗಿಡ? ಪ್ರಶ್ನೆ ಸರಿಯೇ. ಆದರೆ ಕೊಪ್ಪಳದಲ್ಲಿ ಬಾಡಿಗೆಗೆ ಇರುವ ನಮಗೆ ಹೊಲವೂ ಇಲ್ಲ, ಅಂಗಳವೂ ಇಲ್ಲ. ಇರುವುದು 10 ಅಡಿಗೆ 12 ಅಡಿಯ ಒಂದು ಕೋಣೆ, ಒಂದು ಅಡುಗೆಮನೆ, ಉತ್ತರಕ್ಕೆ ತೆರೆಯುವ ಒಂದೇ ಕಿಟಕಿ. ಗಂಡ, ಹೆಂಡತಿ, ಆರು ವರ್ಷದ ಮಗಳು. ನಾವು ಅಂದರೆ ಇಷ್ಟು ಜನ. ಗಿಡ ಬೇಕೇ ಬೇಕು ಎಂದು ಹಟ ಹಿಡಿದವಳು ಮಗಳು.

ಹೆದ್ದಾರಿ ಬದಿಯ ನರ್ಸರಿಗೆ ಹೋದೆವು. ಇಂಥ ನರ್ಸರಿಗಳ ಗಿಡಗಳು ಬಹಳಷ್ಟು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಗೋದಾವರಿ ದಂಡೆಯ ತಂಪಿನಲ್ಲಿ ಬೆಳೆದದ್ದು ನಮ್ಮ ಬಿಸಿಲಿಗೆ ಬಂದು ಇಳಿಯುತ್ತದೆ. ಸ್ನೇಕ್ ಪ್ಲಾಂಟ್ ಸಾಲಿನ ಮೇಲೆ ‘24 ಗಂಟೆ ಆಕ್ಸಿಜನ್’ ಎಂಬ ಬೋರ್ಡು ಇತ್ತು. ಮನೆಯೊಳಗಿನ ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತಿನ ಮೂಲ 1989ರಲ್ಲಿ ನಾಸಾ ಪ್ರಕಟಿಸಿದ ಒಂದು ಅಧ್ಯಯನ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಿಟಕಿ ತೆರೆದು ಗಾಳಿ ಬಿಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕೆಂದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಂತೆ. ಅಂದರೆ ನಮ್ಮ ಕೋಣೆಗೆ ಕಡಿಮೆಯೆಂದರೂ 110 ಕುಂಡ. ನಾವು ಎಲ್ಲಿ ಮಲಗುವುದು? ಗಿಡ ಚೆಂದ ಕಾಣುತ್ತದೆ ಎಂಬುದೇ ಸಾಕಷ್ಟು ಕಾರಣ ಎಂದುಕೊಂಡು ಒಂದು ಸ್ನೇಕ್ ಪ್ಲಾಂಟ್, ಒಂದು ಸ್ಪೈಡರ್ ಪ್ಲಾಂಟ್ ತಂದೆವು. ಮನಿ ಪ್ಲಾಂಟಿಗೆ ದುಡ್ಡು ಕೊಡಲಿಲ್ಲ. ಪಕ್ಕದ ಮನೆಯ ಬಳ್ಳಿಯಿಂದ ಗಿಣ್ಣು ಇರುವ ಒಂದು ತುಂಡು ಕೇಳಿ ತಂದು, ಗಿಣ್ಣು ಮುಳುಗುವಂತೆ ಬಾಟಲಿ ನೀರಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಅದರ ರಸ ಬಾಯಿಗೆ ತಾಗಿದರೆ ಉರಿಯುತ್ತದೆ, ಮಕ್ಕಳಿರುವ ಮನೆಯಲ್ಲಿ ಮೇಲಿಡಬೇಕು.

ಮಣ್ಣಿನ ವಿಷಯದಲ್ಲಿ ಯೂಟ್ಯೂಬ್‌ಗಿಂತ ಹೊಲದವರ ಮಾತು ಕೇಳುವುದು ಮೇಲು. ನಮ್ಮ ಕಡೆಯ ಎರೆ ಮಣ್ಣು ಹತ್ತಿಗೆ ಬಂಗಾರ, ಕುಂಡಕ್ಕೆ ಆಗದು. ನೀರು ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಕೆಂಪು ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಸಮಸಮ ಕಲಸಿದೆವು. ಹಳೇ ಪೇಂಟ್ ಡಬ್ಬಿಗಳ ತಳಕ್ಕೆ ಕಾದ ಕಬ್ಬಿಣದ ಸಲಾಕೆಯಿಂದ ತೂತು ಹಾಕಿದೆವು. ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಬೆರಳೇ ಸಾಕು. ಎರಡು ಗೆಣ್ಣು ಆಳದವರೆಗೆ ಮಣ್ಣು ಒಣಗಿದ್ದರೆ ಹಾಕಬೇಕು, ಇಲ್ಲವಾದರೆ ಬಿಡಬೇಕು. ಸ್ನೇಕ್ ಪ್ಲಾಂಟ್ ಹದಿನೈದು ದಿನ ಸುಮ್ಮನೆ ಇರುತ್ತದೆ. ವಾರಗಟ್ಟಲೆ ನಲ್ಲಿ ನೀರು ಬಾರದ ಓಣಿಯಲ್ಲಿ ಗಿಡಕ್ಕೆ ನೀರೇ ಎಂದು ಕೇಳುವವರಿದ್ದಾರೆ. ಮೂರು ಕುಂಡಕ್ಕೂ ಸೇರಿ ವಾರಕ್ಕೆ ಎರಡು ತಂಬಿಗೆ, ಅದೂ ಅಕ್ಕಿ ತೊಳೆದ ನೀರು.

ಮಾರ್ಚ್ ಹೊತ್ತಿಗೆ ಸ್ಪೈಡರ್ ಪ್ಲಾಂಟಿನ ಎಲೆಗಳ ತುದಿ ಕಂದಾಗತೊಡಗಿತು. ಸುಟ್ಟಂತೆ, ಅರ್ಧ ಇಂಚು. ಉಳಿದೆರಡು ಗಿಡ ಚೆನ್ನಾಗಿದ್ದವು. ಬಿಸಿಗಾಳಿಗೂ ಹೀಗಾಗುತ್ತದೆ, ನೀರಿನ ಉಪ್ಪಿಗೂ ಆಗುತ್ತದೆ, ಗೊಬ್ಬರ ಹೆಚ್ಚಾದರೂ ಆಗುತ್ತದೆ. ಇನ್ನೊಂದು ಕಾರಣ ಓದಿದಾಗ ಮಾತ್ರ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಪೈಡರ್ ಪ್ಲಾಂಟಿಗೆ ಫ್ಲೋರೈಡ್ ಆಗಿಬರುವುದಿಲ್ಲ. ನೀರಿನೊಂದಿಗೆ ಮೇಲೇರಿದ ಫ್ಲೋರೈಡ್ ಎಲೆಯ ತುದಿಯಲ್ಲಿ ಉಳಿದು ಅಲ್ಲಿಂದ ಸುಡುತ್ತಾ ಬರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಫ್ಲೋರೈಡ್ ಬಗ್ಗೆ ಸುದ್ದಿ ಬರೆದು ಬರೆದು ಆ ಪದ ನಮಗೆ ಅಕ್ಷರಮಾಲೆಯಷ್ಟೇ ಪರಿಚಿತ.

ಎಲೆ ನೋಡಿ ತೀರ್ಪು ಕೊಡಲಾಗದು. ತಾಯಿ ಗಿಡದಿಂದ ಜೋತುಬಿದ್ದಿದ್ದ ಎರಡು ಮರಿಗಳನ್ನು ಕಿತ್ತು, ಒಂದೇ ಮಣ್ಣಿನಲ್ಲಿ, ಒಂದೇ ಕಿಟಕಿಯಲ್ಲಿ ನೆಟ್ಟೆವು. ಒಂದಕ್ಕೆ ಮನೆ ಮಾಲೀಕರ ಬೋರಿನ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು. ಲೆಕ್ಕ ಬರೆದಿಡುವ ಕೆಲಸ ಮಗಳದು. ಆರು ವಾರಕ್ಕೆ ಬೋರಿನ ಮರಿಯ ತುದಿ ಕಂದಾಯಿತು, ಕ್ಯಾನಿನದು ಹಸಿರಾಗೇ ಉಳಿಯಿತು. ಇದು ಇನ್ನೂ ಅನುಮಾನವೇ. ಬೋರ್ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟೆವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ವರದಿ ಎರಡನೆಯ ಗೆರೆಯನ್ನೂ ದಾಟಿತ್ತು.

ಓಣಿಯಲ್ಲಿ ಎಲ್ಲರದೂ ಒಂದೇ ಪದ್ಧತಿ, ಕುಡಿಯಲು ಕ್ಯಾನ್, ಅಡುಗೆಗೆ ಬೋರ್. ಕುದಿಸಿದರೆ ಎಲ್ಲ ಹೋಗುತ್ತದೆ ಎಂಬ ನಂಬಿಕೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಮುಂದೆ ಬರುವ ಹಲ್ಲುಗಳ ಹೊರಪದರ ಸುಮಾರು ಎಂಟು ವರ್ಷದವರೆಗೂ ವಸಡಿನೊಳಗೆ ಕಟ್ಟಿಕೊಳ್ಳುತ್ತಿರುತ್ತದೆ. ಆಗ ಬಿದ್ದ ಕಲೆ ತಿಕ್ಕಿದರೆ ಹೋಗುವುದಲ್ಲ. ಅವತ್ತು ರಾತ್ರಿ ಬ್ಯಾಟರಿ ಹಾಕಿ ಅವಳ ಬಾಯಿ ನೋಡಿದೆವು. ಹೊಸದಾಗಿ ಇಣುಕಿದ್ದ ಎರಡು ಹಲ್ಲು ಬೆಳ್ಳಗಿದ್ದವು.

ಮರುದಿನದಿಂದ ಬೇಳೆಗೂ ಅನ್ನಕ್ಕೂ ಕ್ಯಾನ್ ನೀರು. ದಿನಕ್ಕೊಂದು ಕ್ಯಾನ್ ಹೆಚ್ಚಾಗಿ ತಿಂಗಳಿಗೆ 300 ರೂಪಾಯಿ ಖರ್ಚು. ಪ್ರಕಟವಾದ ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ನಮ್ಮ ಕೆಲಸದಲ್ಲಿ 300 ಎಂದರೆ ಎಷ್ಟು ಎಂಬುದು ಇದನ್ನು ಓದುವ ಸ್ಟ್ರಿಂಗರ್‌ಗಳಿಗೆ ಗೊತ್ತು.

ಮಾಲೀಕರಿಗೆ ವರದಿ ತೋರಿಸಿದೆವು. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಮೂವತ್ತ ವರ್ಷ ಇದ ನೀರ ಕುಡದೀವ್ರಿ. ಪೇಪರಿನ್ಯಾಗ ಹಾಕಬ್ಯಾಡ್ರಿ ಮತ್ತ, ಬಾಡಿಗಿಯವರು ಓಡಿ ಹೋಗ್ತಾರ,” ಅಂದರು. ಪತ್ರಿಕೆಗೆ ಬರೆಯಲಿಲ್ಲ. ಒಂದು ಮನೆಯ ಖಾಸಗಿ ಬೋರ್ ಜಿಲ್ಲಾ ಪುಟದ ಸುದ್ದಿಯಲ್ಲ. ಆದರೆ ಮೇಲಿನ ಎರಡು ಮನೆಯವರಿಗೆ ವರದಿಯ ಜೆರಾಕ್ಸ್ ಕೊಟ್ಟೇ ಕೊಡುತ್ತೇವೆ ಎಂದು ಕಾಕಾನ ಎದುರೇ ಹೇಳಿದೆವು. ಒಂದರಲ್ಲಿ ಹಾಲುಗೂಸು ಇದೆ. ಕಾಕಾ ಎಂಟು ದಿನ ಮಾತಾಡಲಿಲ್ಲ. ಮನೆ ಖಾಲಿ ಮಾಡಿ ಅನ್ನುತ್ತಾರೇನೋ ಎಂದು ಬೇರೆ ಕಡೆ ಎರಡು ಮನೆ ನೋಡಿಯೂ ಬಂದೆವು.

ಒಂಬತ್ತನೇ ದಿನ ಅವರ ಮನೆಯವರು ಬಂದು ಕ್ಯಾನ್ ತರುವ ಆಟೋದವನ ನಂಬರ್ ಕೇಳಿದರು. ಮೊಣಕಾಲು ನೋವಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಅದಕ್ಕೂ ನೀರಿಗೂ ಸಂಬಂಧ ಇದೆಯೇ ಎಂದು ಹೇಳಬೇಕಾದವರು ಡಾಕ್ಟರು, ನಾವಲ್ಲ. ಹೋಗುವಾಗ ಕಿಟಕಿಯಲ್ಲಿದ್ದ ಹಸಿರು ಮರಿಯನ್ನು ಕೇಳಿ ತೆಗೆದುಕೊಂಡು ಹೋದರು. ಮಳೆಗಾಲ ಶುರುವಾದ ಮೇಲೆ ಮಾಳಿಗೆಯ ಪೈಪಿನ ಕೆಳಗೆ ಬಕೆಟ್ ಇಟ್ಟಿದ್ದೇವೆ, ಗಿಡಗಳಿಗೆ ಈಗ ಅದೇ ನೀರು. ತಾಯಿ ಗಿಡದ ಹಳೆಯ ಎಲೆಗಳ ತುದಿ ಹಾಗೇ ಕಂದಾಗಿವೆ. ಕತ್ತರಿಸೋಣ ಅಂದರೆ ಮಗಳು ಬಿಡುತ್ತಿಲ್ಲ.