ಸೆರಗಿನ ಮರೆಯಿಂದ

ನಾಲ್ಕು ವರ್ಷದ ಮಗನಿಗೆ ಮಿಕ್ಕಿ ಮೌಸ್ ಎಂದರೆ ಅಂಗೈಯಗಲದ ಗೊಂಬೆ. ದಿಂಬಿನ ಪಕ್ಕ ಮಲಗುವ, ಒಂದು ಕಿವಿಯ ಹೊಲಿಗೆ ಬಿಟ್ಟುಹೋದ ಮಿಕ್ಕಿ. ಅದೇ ಮಿಕ್ಕಿ ತನಗಿಂತ ಎಷ್ಟೋ ಎತ್ತರ ಬೆಳೆದು, ತಲೆಯೇ ಒಂದು ಕೊಪ್ಪರಿಗೆಯಷ್ಟು ದೊಡ್ಡದಾಗಿ ಎದುರು ಬಂದು ನಿಲ್ಲುತ್ತಾನೆ ಎಂದು ಅವನಿಗೆ ನಾವ್ಯಾರೂ ಹೇಳಿರಲಿಲ್ಲ.

ಅಟ್ಲಾಂಟಾದಿಂದ ಇಡೀ ದಿನ ಕಾರು ಓಡಿಸಿಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿದ್ದೆವು. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರ. ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರಗಳಲ್ಲಿ ಅದೂ ಒಂದು. ಆದರೆ ಮಕ್ಕಳ ಶಾಲೆಗೆ ರಜೆ ಇದ್ದದ್ದು ಆಗ, ಉಡುಪಿಯಿಂದ ಅಮ್ಮ ಬಂದು ನಮ್ಮೊಂದಿಗಿದ್ದದ್ದೂ ಆಗ. ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ ನಿಂತು ರೂಢಿಯಿರುವ ಅಮ್ಮನಿಗೆ ಜನಜಂಗುಳಿ ಹೊಸದಲ್ಲ. ‘ಜನ ಇದ್ದರೆ ಇರಲಿ. ಯಾರು ಯಾರ ಕೈ ಹಿಡಿಯೋದು ಅಂತ ಮನೆಯಲ್ಲೇ ಹೇಳಿಬಿಡು’ ಎಂದರು. ವಾರಗಟ್ಟಲೆ ಫೋನಿನಲ್ಲಿ ನಾನು ಓದಿಕೊಂಡಿದ್ದ ಸಲಹೆಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಚಿಕ್ಕವನು ಅಮ್ಮಮ್ಮನ ಕೈ, ಮಗಳು ಅಪ್ಪನ ಕೈ. ನೀರು, ತಿಂಡಿ, ಟಿಕೆಟ್ಟು ನನ್ನ ಜವಾಬ್ದಾರಿ. ಹೊರಡುವ ಮೊದಲು ಆ ದಿನದ ಬಟ್ಟೆಯಲ್ಲಿ ಮಕ್ಕಳ ಫೋಟೊ ತೆಗೆದಿಟ್ಟುಕೊಂಡೆ. ಮುಂಗೈ ಮೇಲೆ ಪೆನ್ನಿನಲ್ಲಿ ನನ್ನ ನಂಬರ್ ಬರೆದೆ. ದಾರಿ ತಪ್ಪಿದರೆ ಎಲ್ಲಿಗೂ ಓಡಬಾರದು, ಎದೆಯ ಮೇಲೆ ಹೆಸರಿನ ಬಿಲ್ಲೆ ಇರುವವರನ್ನು ಹುಡುಕಬೇಕು ಎಂದು ಇಬ್ಬರಿಂದಲೂ ಹೇಳಿಸಿದೆ.

ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಂ ಪಾರ್ಕಿನ ಮುಖ್ಯ ಬೀದಿಯ ಕೊನೆಯಲ್ಲಿ ಸಿಂಡ್ರೆಲಾಳ ಕೋಟೆ, 189 ಅಡಿ ಎತ್ತರ. ಅದರ ಮುಂದಿನ ವೃತ್ತದಲ್ಲಿ ಹನ್ನೊಂದು ಗಂಟೆಗೆಲ್ಲ ನೆಲ ಕಾಣುತ್ತಿರಲಿಲ್ಲ. ದೊಡ್ಡವರಿಗೆ ಕೋಟೆಯಾದರೂ ಕಾಣುತ್ತದೆ. ಮಗುವಿನ ಎತ್ತರದಲ್ಲಿ ಕಾಣುವುದು ಬರೀ ಸೊಂಟ, ಚೀಲ, ಸ್ಟ್ರಾಲರಿನ ಚಕ್ರ. ನಾನು ಬಗ್ಗಿ ಮಗನ ಕಣ್ಣಿನ ಮಟ್ಟದಿಂದ ಸುತ್ತ ನೋಡಿದೆ. ಅವನು ಬೆಳಗಿನಿಂದ ಯಾಕೆ ಮಾತಾಡುತ್ತಿಲ್ಲ ಎಂಬುದು ಆಗ ಅರ್ಥವಾಯಿತು. ಅಲ್ಲಿಂದಾಚೆ ಅವನು ಅಪ್ಪನ ಹೆಗಲ ಮೇಲೆ, ಮಗಳು ನನ್ನ ಕೈಯಲ್ಲಿ. ಮನೆಯಲ್ಲಿ ಮಾಡಿದ್ದ ಏರ್ಪಾಡು ಬದಲಾಯಿತು, ಬದಲಾಗಬೇಕಿತ್ತು ಕೂಡ.

ಜನ ಹೆಚ್ಚಿದರೆ ರೈಡಿಗೆ ಇನ್ನಷ್ಟು ದೋಣಿ, ಇನ್ನಷ್ಟು ಬೋಗಿ ಬಿಡಬಹುದು. ಮಿಕ್ಕಿಯನ್ನು ನೋಡುವ ಕ್ಯೂ ಹಾಗಲ್ಲ. ಅಲ್ಲಿ ಒಂದು ಸಲಕ್ಕೆ ಒಂದೇ ಕುಟುಂಬ. ಒಂದು ಮಗು ಅಪ್ಪಿಕೊಳ್ಳುತ್ತದೆ, ಇನ್ನೊಂದು ಹಸ್ತಾಕ್ಷರದ ಪುಸ್ತಕ ಚಾಚುತ್ತದೆ, ಮತ್ತೊಂದು ತನ್ನ ಬಿದ್ದ ಹಲ್ಲಿನ ಜಾಗ ತೋರಿಸುತ್ತದೆ. ಅದನ್ನು ಯಾವ ಯಂತ್ರವೂ ಬೇಗ ಮುಗಿಸಲಾರದು, ಮುಗಿಸಲೂಬಾರದು. ಕ್ಯೂ ನಿಧಾನವಾದಾಗೆಲ್ಲ ನನಗೆ ನಾನೇ ಇದನ್ನು ಹೇಳಿಕೊಂಡೆ: ಒಳಗೆ ಯಾರದೋ ಮಗುವಿಗೆ ಅದರ ಪಾಲಿನ ಎರಡು ನಿಮಿಷ ಪೂರ್ತಿ ಸಿಗುತ್ತಿದೆ.

ಮಗಳಿಗೆ ಅಂಥ ಎರಡು ನಿಮಿಷ ಅದೇ ಪಾರ್ಕಿನ ಫ್ಯಾಂಟಸಿಲ್ಯಾಂಡಿನಲ್ಲಿ ಸಿಕ್ಕಿತು. ಮುಖವಾಡ ತೊಟ್ಟ ಮಿಕ್ಕಿ, ಗೂಫಿಯಂಥವರು ಸಾಮಾನ್ಯವಾಗಿ ಮಾತಾಡುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ. ದಪ್ಪ ಗ್ಲೌಸಿನ ಬೆರಳಿಗೆ ಹಿಡಿಯಲು ಸಿಗಲಿ ಎಂದೇ ಹಸ್ತಾಕ್ಷರಕ್ಕೆ ದಪ್ಪ ಪೆನ್ನು ಒಯ್ಯಬೇಕು. ರಾಜಕುಮಾರಿಯರು ಮಾತ್ರ ಮಾತಾಡುತ್ತಾರೆ. ಎಂಟು ವರ್ಷದ ನನ್ನ ಮಗಳು ಸಿಂಡ್ರೆಲಾಳಿಗೆ, ‘ನನ್ನ ಚಪ್ಪಲಿಯೂ ಒಂದು ಸಲ ದೇವಸ್ಥಾನದ ಹೊರಗೆ ಕಳೆದುಹೋಗಿತ್ತು’ ಎಂದಳು. ಸಿಂಡ್ರೆಲಾ ನಗಲಿಲ್ಲ. ಮಂಚದ ಮೇಲೆ ಪಕ್ಕ ಕೂತ ಗೆಳತಿಯಂತೆ ಮುಂದಕ್ಕೆ ಬಾಗಿ, ‘ಎರಡೂ ಹೋಯಿತೇ, ಒಂದೇ ಹೋಯಿತೇ?’ ಎಂದು ಕೇಳಿದಳು. ಆ ಪ್ರಶ್ನೆಯ ಹಿಂದಿನ ಗೌರವವನ್ನು ನಾನು ಮರೆಯಲಾರೆ. ಬೆಳಗಿನಿಂದ ಎಷ್ಟು ನೂರು ಮಕ್ಕಳನ್ನು ಕಂಡಿದ್ದಳೋ, ನನ್ನ ಮಗಳ ಚಪ್ಪಲಿಗೂ ಅವಳ ಮನಸ್ಸಿನಲ್ಲಿ ಜಾಗವಿತ್ತು.

ಮಿಕ್ಕಿ ಇರುವುದು ಪಾರ್ಕಿನ ಬಾಗಿಲ ಹತ್ತಿರದ ಟೌನ್ ಸ್ಕ್ವೇರ್ ಥಿಯೇಟರಿನಲ್ಲಿ. ಅಲ್ಲಿ ಕಾಯುವಾಗ ಅಮ್ಮ, ‘ಇವರು ವೇಷ ಕಟ್ಟೋದು ಎಲ್ಲಿ? ಚೌಕಿ ಎಲ್ಲೂ ಕಾಣೋದಿಲ್ಲವಲ್ಲ’ ಎಂದು ಕೇಳಿದರು. ಯಕ್ಷಗಾನದ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ನಮ್ಮ ಕಡೆ ಚೌಕಿ ಎನ್ನುತ್ತಾರೆ. ಇಲ್ಲಿನ ಚೌಕಿ ನಮ್ಮ ಕಾಲಡಿಯಲ್ಲಿದೆ ಎಂದೆ. ಡಿಸ್ನಿಯ ಮೊದಲ ಪಾರ್ಕು 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಅಲ್ಲಿ ಕೌಬಾಯ್ ವೇಷದವನೊಬ್ಬ ಭವಿಷ್ಯಲೋಕವೆಂಬ ವಿಭಾಗದ ನಡುವೆ ನಡೆದುಹೋದದ್ದು ವಾಲ್ಟ್ ಡಿಸ್ನಿಗೆ ಸರಿಕಾಣಲಿಲ್ಲ ಎನ್ನುತ್ತಾರೆ. 1971ರಲ್ಲಿ ತೆರೆದ ಈ ಪಾರ್ಕಿನಲ್ಲಿ ಅದಕ್ಕೆಂದೇ ಓಡಾಟದ ಸುರಂಗಗಳಿವೆ. ಫ್ಲಾರಿಡಾದಲ್ಲಿ ಸ್ವಲ್ಪ ಅಗೆದರೂ ನೀರು. ಹಾಗಾಗಿ ಸುರಂಗಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಮುಂದಿನ ಸರೋವರಕ್ಕೆ ತೋಡಿದ ಮಣ್ಣನ್ನು ಸುತ್ತ ತುಂಬಿದರು. ನಾವು ಬೀದಿ ಎಂದುಕೊಂಡು ನಡೆಯುವುದು ಮಹಡಿಯ ಮೇಲೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಬಾಲ್ಯದ ಬಯಲಾಟದ ಮಾತು ತೆಗೆದರು. ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸಿದ್ದಕ್ಕೆ ಬೆದರಿ, ಎರಡು ರಾತ್ರಿ ನಿದ್ದೆಯಲ್ಲಿ ಕೂಗಿದ್ದರಂತೆ. ಮುಂದಿನ ಆಟಕ್ಕೆ ಅಜ್ಜ ಅವರನ್ನು ಮೊದಲೇ ಚೌಕಿಗೆ ಕರೆದುಕೊಂಡು ಹೋದರು. ದೀಪದ ಬೆಳಕಿನಲ್ಲಿ ಬಣ್ಣದ ವೇಷದ ಕಲಾವಿದರೊಬ್ಬರು ಅಕ್ಕಿ ಹಿಟ್ಟಿನ ಚಿಟ್ಟಿಯನ್ನು ಒಂದೊಂದಾಗಿ ಮುಖಕ್ಕೆ ಇಡುತ್ತಿದ್ದರು. ಅರ್ಧ ರಾಕ್ಷಸನಾಗಿದ್ದ ಅವರು ಅಮ್ಮನತ್ತ ತಿರುಗಿ, ‘ಊಟ ಆಯ್ತಾ ಮಗಾ?’ ಎಂದರಂತೆ. ಹೆದರಿಕೆ ಅಲ್ಲಿಗೆ ಹೋಯಿತು.

ನಮ್ಮ ಸರದಿ ಬಂತು. ಬಾಗಿಲು ತೆರೆಯಿತು. ಮಗ ಮಿಕ್ಕಿಯನ್ನು ಕಂಡವನೇ ಕಿರುಚಿ, ಹೆಗಲಿಂದಿಳಿದು ಅಮ್ಮಮ್ಮನ ಸೀರೆಗೆ ಸುತ್ತಿಕೊಂಡ. ಒಂದು ಗಂಟೆಗೂ ಹೆಚ್ಚು ಕಾದಿದ್ದೆವು, ಹಿಂದೆ ಜನ ನಿಂತಿದ್ದರು, ಫೋಟೊಗ್ರಾಫರ್ ಕ್ಯಾಮೆರಾ ಎತ್ತಿದ್ದರು. ಅವನನ್ನು ಎತ್ತಿ ಮಿಕ್ಕಿಯ ಪಕ್ಕ ನಿಲ್ಲಿಸಲು ನನ್ನ ಕೈ ಮುಂದೆ ಹೋಯಿತು. ಎಷ್ಟೋ ಮನೆಗಳ ಗೋಡೆಯ ಮೇಲೆ ಹಾಗೆ ಅಳುವ ಮಗುವಿನ ಫೋಟೊ ಇದೆ, ದೊಡ್ಡವರು ನೋಡಿ ನಗುತ್ತಾರೆ. ನನಗೆ ಅಂಥ ಫೋಟೊ ಬೇಡ ಎಂದು ಆ ಕ್ಷಣ ಖಚಿತವಾಯಿತು. ‘ಒತ್ತಾಯ ಮಾಡ್ಬೇಡ’ ಎಂದು ಅಮ್ಮನೂ ಅಂದರು.

ಮಿಕ್ಕಿಯೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಇದ್ದಲ್ಲೇ ಮಂಡಿಯೂರಿ, ಆ ದೊಡ್ಡ ತಲೆಯನ್ನು ಒಂದು ಕಡೆಗೆ ವಾಲಿಸಿ, ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡ. ಕೋವಿಡ್ ನಂತರ 2022ರ ಏಪ್ರಿಲ್‌ವರೆಗೆ ಇಲ್ಲಿ ಅಪ್ಪುಗೆ ಇರಲಿಲ್ಲ, ದೂರದಿಂದಲೇ ಕೈ ಬೀಸಬೇಕಿತ್ತು. ಆಗಲೂ ಮಕ್ಕಳು ಮಿಕ್ಕಿಯನ್ನು ಕಂಡೇ ಬಂದಿದ್ದರಲ್ಲ. ನಮ್ಮವನಿಗೂ ಅಷ್ಟು ದೂರ ಬೇಕಿತ್ತು, ಅಷ್ಟೆ.

ಅಮ್ಮ ಬಗ್ಗಿ ಮಗನ ಕಿವಿಯಲ್ಲಿ ಏನೋ ಹೇಳಿದರು. ಅವನು ಸೆರಗು ಸರಿಸಿ ಒಂದು ಕಣ್ಣಲ್ಲಿ ನೋಡಿದ. ಮಿಕ್ಕಿ ಬೆರಳ ಸಂದಿಯಿಂದ ನೋಡಿದ. ಕಿವಿ ಹರಿದ ಗೊಂಬೆಯನ್ನು ಮಗ ಸೆರಗಿನ ಆಚೆ ಚಾಚಿ ಹಿಡಿದ, ತಾನು ಮಾತ್ರ ಒಳಗೇ ಉಳಿದ. ಮಿಕ್ಕಿ ಕೂತಲ್ಲಿಂದಲೇ ಆ ಗೊಂಬೆಗೆ ಕೈ ಬೀಸಿದ.

ಉಡುಪಿಯ ಮನೆಯ ಜಗಲಿಯಲ್ಲಿ ಆ ಕ್ಷಣದ ಫೋಟೊ ಈಗ ತೂಗುತ್ತಿದೆ. ಒಂದು ತುದಿಯಲ್ಲಿ ಮಂಡಿಯೂರಿದ ಮಿಕ್ಕಿ, ಇನ್ನೊಂದು ತುದಿಯಲ್ಲಿ ಅಮ್ಮ, ನಡುವೆ ಐದಾರು ಅಡಿ ಖಾಲಿ ನೆಲ. ‘ಮೊಮ್ಮಗ ಎಲ್ಲಿ?’ ಎಂದು ಬಂದವರು ಕೇಳಿದರೆ, ಅಮ್ಮ ಸೆರಗಿನ ಅಂಚಿನಲ್ಲಿ ಕಾಣುವ ಪುಟ್ಟ ಮುಷ್ಟಿಯನ್ನು ತೋರಿಸುತ್ತಾರೆ.